ಮಾಳಿಗೆ ಕೋಣೆಯ ಗಾಜು

ಗಾಜಿಗೆ ಅಂಟಿಸಿದ ಹಾಳೆಯ ಮೂಲೆಯಲ್ಲಿ ಒಂದು ಗಾಳಿಗುಳ್ಳೆ ಬಿಟ್ಟುಬಂದಿದ್ದೆ. ಮೂರು ವಾರದಿಂದ ಅದೇ ಚಿಂತೆ. ಡೈರಿಯಲ್ಲೂ ಬರೆದಿದ್ದೆ.

ಈಗ ಅದೇ ಗಾಜಿನ ಮುಂದೆ ನಿಂತಿದ್ದೇನೆ. ಹಿಂದೆ ಮನೆಯ ಯಜಮಾನ ಕಲ್ಲೇಶ, ಬಾಗಿಲಿಗೆ ಬೆನ್ನು ಕೊಟ್ಟು. ಕೈಯಲ್ಲಿ ಜೀನ್ಸ್ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ.

ಅವನು ಕರೆಸಿದ್ದು ಗುಳ್ಳೆಗಲ್ಲ...

ನಾನು ಮಡಕಶಿರದವಳು. ಡಿಗ್ರಿ ಮುಗಿಸಿ ರಾಯದುರ್ಗದಲ್ಲಿ ಕಿಟಕಿಗಳಿಗೆ ಸೇಫ್ಟಿ ಫಿಲ್ಮ್ ಎಂಬ ಪ್ಲಾಸ್ಟಿಕ್ ಹಾಳೆ ಅಂಟಿಸುತ್ತೇನೆ. ಕಳ್ಳ ಸುತ್ತಿಗೆಯಲ್ಲಿ ಬಡಿದರೂ ಗಾಜು ಬಿರಿಯುತ್ತದೆ, ಉದುರುವುದಿಲ್ಲ. ಮಾತು ಕಡಿಮೆ ಬೇಕಾದ ಕೆಲಸ. ಅದಕ್ಕೇ ಒಪ್ಪಿದ್ದೆ.

ಕಲ್ಲೇಶ ಮಾಳಿಗೆಯ ಹೊಲಿಗೆ ಕೋಣೆಗೆ ಮಾತ್ರ ಫಿಲ್ಮ್ ಹಾಕಿಸಿದ್ದ. ಅವನ ಹೆಂಡತಿ ಮಂಜುಳ ಅಲ್ಲಿ ಜೀನ್ಸ್ ಹೊಲಿಯುತ್ತಿದ್ದಳು. ಬೆಳಕಿಗೆಂದು ಗ್ರಿಲ್ ಇಲ್ಲದ ದೊಡ್ಡ ಗಾಜು. ಮಾಳಿಗೆಗೆ ಯಾವ ಕಳ್ಳ ಹತ್ತುತ್ತಾನೆ ಎಂದು ಕೇಳಬೇಕಿತ್ತು. ಮಂಜುಳ ಚಹಾ ಕೊಟ್ಟು, ಇನ್ನು ಈ ಕಿಟಕಿ ಒಡೆಯುವುದೇ ಇಲ್ಲವೇ ಎಂದು ಎರಡು ಸಲ ಕೇಳಿದ್ದಳು. ಹೆಮ್ಮೆಯಿಂದ ತಲೆಯಾಡಿಸಿದ್ದೆ.

ನಿನ್ನೆ ಮಧ್ಯಾಹ್ನ ಬಟ್ಟೆಯ ರಾಶಿಗೆ ಬೆಂಕಿ ಬಿತ್ತು. ಹೊಗೆಯಲ್ಲಿ ಮಂಜುಳ ಸತ್ತಳು. ಬಾಗಿಲು ತೆರೆದೇ ಇತ್ತು, ಮಲಗಿದ್ದವಳು ಏಳಲಿಲ್ಲ ಎಂದು ಕಲ್ಲೇಶ ಪೊಲೀಸರಿಗೆ ಹೇಳಿದ್ದ.

"ಬಿಸಿಗೆ ಬಿರುಕು ಬಿಟ್ಟೈತಿ. ಎಸ್‌ಐ ಬರೋದ್ರಾಗ ಹೊಸಾ ಗಾಜು ಕೂಡ್ಸ್ರಿ," ಎಂದ ಕಲ್ಲೇಶ.

ಬಿಸಿಗಲ್ಲ.

ಒಳಮೈಯ ಫಿಲ್ಮಿನ ಮೇಲೆ ಏಳು ತಗ್ಗು. ಇಸ್ತ್ರಿಪೆಟ್ಟಿಗೆಯ ಮೂತಿಯ ಗುರುತು. ಗಾಜೆಲ್ಲ ಹೊರಕ್ಕೆ ಉಬ್ಬಿತ್ತು. ಏಳು ಏಟನ್ನೂ ತಾಳಿಕೊಂಡಿತ್ತು.

ಅವಳು ಮಲಗಿರಲಿಲ್ಲ. ಬಾಗಿಲು ತೆರೆದಿರಲಿಲ್ಲ.

"ಯಾಕ, ಏನ್ ನೋಡ್ತೀರಿ ಅಷ್ಟು?" ಕತ್ತರಿ ಬಾಯಿ ತೆರೆಯಿತು. "ನಿಮ್ಮ ಕೆಲ್ಸ ಅಂಟ್ಸೋದು. ಓದೋದಲ್ಲ."

ಅಂಚಿಗೆ ಬ್ಲೇಡ್ ಎಳೆದೆ. ಬಿರಿದ ಗಾಜು ಕಂಬಳಿಯ ಹಾಗೆ ಇಡಿಯಾಗಿ ಇಳಿಯಿತು. ಸುತ್ತಿಕೊಂಡೆ. ಗೋಡೆಗೆ ಒರಗಿಸಿದ್ದ ಹೊಸ ಗಾಜು ಎತ್ತಿಕೊಡಲು ಹೇಳಿದೆ. ಅವನು ಬಗ್ಗಿದ.

ಸುತ್ತಿದ ಗಾಜನ್ನು ಅವುಚಿಕೊಂಡು ಓಡಿದೆ! ಹೊರಗಿನಿಂದ ಚಿಲಕ ಹಾಕಿದೆ. ಚಿಲಕ ಇದ್ದದ್ದೇ ಹೊರಗೆ. ಹೊಸದು.

ಸ್ಕೂಟಿ ಸ್ಟಾರ್ಟ್ ಆಗುವಷ್ಟರಲ್ಲಿ ಅವನು ಮೇಲಿಂದ ಜಿಗಿದ ಧೊಪ್ಪೆಂಬ ಸದ್ದು. ಮಂಜುಳೆಗೆ ದಾರಿ ಕೊಡದ ಕಿಟಕಿ ಅವನಿಗೆ ಕೊಟ್ಟಿತ್ತು.

ಸಂದಿ... ಬಸ್‌ಸ್ಟ್ಯಾಂಡ್... ಕೋಟೆ ಬೆಟ್ಟದ ಕೆಳಗಿನ ರಸ್ತೆ. ಹಿಂದೆಯೇ ಅವನ ಬೈಕು. ಕಾಲ ನಡುವೆ ಇಟ್ಟ ಗಾಜು ಮೀನಖಂಡಕ್ಕೆ ಚುಚ್ಚುತ್ತಿತ್ತು. ನಿಲ್ಲಿಸಲಿಲ್ಲ.

ಸ್ಟೇಷನ್ ಎದುರು ಎಸ್‌ಐ ಉಷಾರಾಣಿ ಜೀಪು ಹತ್ತುತ್ತಿದ್ದರು. ಅವರ ಕಾಲ ಬಳಿ ಗಾಜನ್ನು ಬಿಚ್ಚಿದೆ. ಕಲ್ಲೇಶ ಕುಂಟುತ್ತ ಬಂದ. ಈ ಹುಡುಗಿಯ ಕೆಲಸ ಸರಿಯಿಲ್ಲ, ಅದನ್ನು ಮುಚ್ಚಿಡಲು ಗಾಜು ಕದ್ದು ತಂದಿದ್ದಾಳೆ ಎಂದ.

ಹೌದೇ ಎಂಬಂತೆ ಉಷಾರಾಣಿ ನನ್ನತ್ತ ತಿರುಗಿದರು.

ಸುತ್ತ ಜನ. ನೆಲ ನೋಡಿದೆ. ನೆಲದ ಮೇಲೆ ಏಳು ತಗ್ಗು.

"ಕೆಲ್ಸ ಚೆನ್ನಾಗೇ ಮಾಡಿದ್ದೆ ಮೇಡಂ. ಬಾಗ್ಲಿಗೆ ಇವ್ನು ಚಿಲಕ ಹಾಕಿದ್ದ. ಮಂಜುಳ ಕಿಟಕಿಗೆ ಏಳ್ ಏಟು ಹೊಡುದ್ಲು... ಒಡೆಯೋಕೆ ನಾನು ಬಿಡ್ಲಿಲ್ಲ."