ಅಕ್ಕನ ಕಾರಿನ ಎಂಜಿನ್

ಎಂಜಿನ್ನನ್ನು ಟೇಬಲ್ ಮಾಡುತ್ತೇನೆ ಎಂದು ಭಾವ ಹೇಳಿದ ದಿನವೇ ಮೇಸ್ತ್ರಿ ಅದನ್ನು ಕದಿಯುವ ತೀರ್ಮಾನಕ್ಕೆ ಬಂದ. ಅಲ್ಲಿಯವರೆಗೆ ಅವನು ಯಾವ ಗಿರಾಕಿಯ ಒಂದು ನಟ್ಟನ್ನೂ ಮುಟ್ಟಿದವನಲ್ಲ.

ಭಾವ ಎಂದರೆ ಅಕ್ಕನ ಗಂಡ, ಹಲ್ಲಿನ ಡಾಕ್ಟರು. ಗ್ಯಾರೇಜಿಗೆ ಬಂದವನೇ ಎಂದಿನಂತೆ ಕೀಲಿಯನ್ನು ಮೇಜಿನ ಮೇಲೆ ಎಸೆದ. ಕೀಲಿಗೆ ತೂಗುಬಿದ್ದಿದ್ದ ಹಿತ್ತಾಳೆ ಬಿಲ್ಲೆ ಟಣ್ ಎಂದಿತು. ಆ ಗ್ಯಾರೇಜಿನಲ್ಲಿ ಅಪ್ಪನ ಕಾಲದಿಂದ ನಡೆದುಬಂದ ಪದ್ಧತಿ ಅದು. ಬಂದ ಪ್ರತಿ ಗಾಡಿಯ ಕೀಲಿಗೂ ನಂಬರು ಹೊಡೆದ ಒಂದು ಬಿಲ್ಲೆ. ಗಾಡಿ ಹೋದ ಮೇಲೂ ಬಿಲ್ಲೆ ಗಿರಾಕಿಯ ಜೇಬಿನಲ್ಲೇ ಇರುತ್ತಿತ್ತು. ಈ ಕಾರಿನದು ಇಪ್ಪತ್ತಮೂರು.

"ಮೇಸ್ತ್ರೀ, ನೀನೇ ಹೇಳ್ಬೇಕು. ಈ ಮುದುಕನನ್ನ ಇಟ್ಕೊಳ್ಳೋದಾ, ಬಿಡೋದಾ? ಎಲ್ಲರೂ ಹೊಸ ಎಂಜಿನ್ ಹಾಕ್ಸಿ ಅಂತಿದಾರೆ."

"ಹಳೇದನ್ನ ಏನ್ಮಾಡ್ತೀರಿ ಭಾವ?"

"ಕ್ಲಿನಿಕ್ಕಲ್ಲಿ ಇಟ್ಕೋತೀನಿ. ಮೇಲೊಂದು ಗಾಜು ಹಾಕಿದ್ರೆ ಟೇಬಲ್ ಆಯ್ತು. ಕಾಯೋರು ಅದರ ಮೇಲೆ ಪೇಪರ್ ಹರಡ್ಕೊಂಡು ಹಲ್ಲುನೋವು ಮರೀಲಿ."

ಭಾವ ತನ್ನ ಮಾತಿಗೆ ತಾನೇ ನಕ್ಕ. ಮೇಸ್ತ್ರಿಗೆ ನಗು ಬರಲಿಲ್ಲ. ಯೋಚನೆ ಮಾಡಿ ಹೇಳ್ತೀನಿ ಎಂದು ಕೈ ಒರೆಸಿಕೊಂಡ.

ಆ ಕಾರು ಗ್ಯಾರೇಜಿಗೆ ಬಂದಾಗ ಅದರ ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. ಅಪ್ಪನೂ ಅವನೂ ಕೂತು ಎಂಜಿನ್ನನ್ನು ಬಿಚ್ಚಿ, ಉಜ್ಜಿ, ಒಂದೊಂದೇ ಬಿಡಿಭಾಗ ಹುಡುಕಿ ತಂದು ಕಟ್ಟಿದ್ದರು. ಆಗ ಅವನಿಗೆ ಮೀಸೆ ಬಂದಿರಲಿಲ್ಲ. ಪಿಸ್ಟನ್ ಕೂರಿಸಿದವನು ಅವನೇ. ಮೊದಲ ಸಲ ಎಂಜಿನ್ ಹತ್ತಿಕೊಂಡಾಗ ಅಪ್ಪ ತಲೆ ಓರೆ ಮಾಡಿ ಕೇಳಿ, "ಪರವಾಗಿಲ್ಲ" ಎಂದಿದ್ದ. ಆ ಮನುಷ್ಯನ ಬಾಯಲ್ಲಿ ಪರವಾಗಿಲ್ಲ ಎಂದರೆ ಬೇರೆಯವರು ಶಾಲು ಹೊದಿಸಿದಷ್ಟು. ಮತ್ತೆಂದೂ ಆ ಮಾತು ಅವನ ಕಿವಿಗೆ ಬೀಳಲಿಲ್ಲ. ಅಕ್ಕನ ಮದುವೆಯಲ್ಲಿ ಅಪ್ಪ ಯಾರನ್ನೂ ಕೇಳದೆ ಕಾರನ್ನು ಅಳಿಯನ ಕೈಗಿಟ್ಟ. ಅಳಿಯನಿಗೆ ಕಾರು, ಮಗನಿಗೆ ಕಾರಿನ ಕೆಳಗಿನ ಜಾಗ.

ಅಂದಿನಿಂದ ಅವನು ಆ ಕಾರಿನ ಕೆಳಗೆ ಅಂಗಾತ ಮಲಗಿಯೇ ಮುದುಕನಾದ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎನ್ನುತ್ತಾರೆ. ಭಾವನಿಗೆ ಎರಡೂ ಇದ್ದವು, ಹಲ್ಲು ಬಿದ್ದರೆ ಕಟ್ಟಿಕೊಳ್ಳುವ ವಿದ್ಯೆಯೂ ಇತ್ತು. ಮೇಸ್ತ್ರಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ. ಅಕ್ಕ ತೀರಿಹೋದ ಮೇಲೆ ಆ ಮನೆಗೂ ಅವನಿಗೂ ಉಳಿದ ನಂಟು ಎರಡೇ: ಈ ಕಾರು, ಮತ್ತು ಮಾವ ಮಾವ ಎಂದು ಬರುವ ಅಕ್ಕನ ಮಗಳು. ಅವಳಿಗೆ ಡ್ರೈವಿಂಗ್ ಕಲಿಸಿದವನು ಅವನು. ಅವಳೊಬ್ಬಳ ಕಣ್ಣಲ್ಲಿ ತಾನು ದೊಡ್ಡ ಮನುಷ್ಯ ಎಂಬುದು ಅವನಿಗೆ ಗೊತ್ತಿತ್ತು. ಆ ನಂಬಿಕೆಯ ಮೇಲೆಯೇ ಅವನು ದಿನ ದೂಡುತ್ತಿದ್ದ.

ಎಂಜಿನ್ ತೆಗೆಸಿ ಎಂದರೆ ಅಪ್ಪ ಪರವಾಗಿಲ್ಲ ಎಂದ ಎಂಜಿನ್ನಿನ ಮೇಲೆ ಯಾರೋ ದವಡೆ ಹಿಡಿದುಕೊಂಡು ಪೇಪರ್ ಓದುತ್ತಾರೆ. ಇಟ್ಟುಕೊಳ್ಳಿ ಎಂದರೆ ಭಾವನ ಶೆಡ್ಡಿನಲ್ಲಿ ಇದ್ದು, ಭಾವನ ನಂತರ ಯಾರ ಪಾಲಿಗೋ ಹೋಗುತ್ತದೆ. ನನಗೆ ಕೊಡಿ ಭಾವ ಎಂದು ಕೇಳಬಹುದಿತ್ತು. ಆದರೆ ಅಪ್ಪ ಕೊಡದೇ ಹೋದದ್ದನ್ನು ಅಳಿಯನ ಮುಂದೆ ಕೈಚಾಚಿ ಕೇಳುವುದಕ್ಕಿಂತ ಕದಿಯುವುದೇ ಮರ್ಯಾದೆ ಎನಿಸಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅವನು ಫೋನ್ ಮಾಡಿದ.

"ಒರಿಜಿನಲ್ ತೆಗೀಬೇಡಿ ಭಾವ. ಬೇರೆ ಎಂಜಿನ್ ಹಾಕಿದ್ರೆ ಅದು ಬರೀ ಡಬ್ಬ. ಇದನ್ನೇ ಬಿಚ್ಚಿ ಕಟ್ಟಿಕೊಡ್ತೀನಿ."

"ಒರಿಜಿನಲ್ ಇದ್ರೇನೇ ಬೆಲೆ ಅಂತೀಯಾ?"

"ಬೆಲೆ ಅಲ್ಲ, ಮರ್ಯಾದೆ."

"ಸರಿ ಹಾಗಾದ್ರೆ. ಕೆಲಸ ಮುಗಿದ ಮೇಲೆ ಹಳೇ ಕಾರಿನ ಸಂಘದವರನ್ನ ಕರೆಸಿ ಒಂದು ಸರ್ಟಿಫಿಕೇಟೂ ಮಾಡಿಸ್ಬಿಡೋಣ."

ಅದು ಲೆಕ್ಕದಲ್ಲಿರಲಿಲ್ಲ. ಸಂಘದ ಪರೀಕ್ಷಕನಿಗೆ ಮೆಕ್ಯಾನಿಕ್‌ಗಳು ಇಟ್ಟ ಹೆಸರು ಭೂತಗನ್ನಡಿ. ಅದನ್ನು ಜೇಬಿನಲ್ಲಿ ಇಟ್ಟುಕೊಂಡೇ ಓಡಾಡುವವನು. ಎಂಜಿನ್ನಿನ ಮೈಮೇಲೆ ಹೊಡೆದ ನಂಬರಿಗೆ ಬಳಿದ ಹೊಸ ಬಣ್ಣ, ಎಲ್ಲ ಕಡೆ ಒಂದೇ ಸಮನಾಗಿ ಹಿಡಿದ ತುಕ್ಕು, ಅಂಕಿ ಹೊಡೆಯಲು ಪೇಟೆಯಿಂದ ತಂದ ಹೊಸ ಅಚ್ಚು, ಇಂಥವುಗಳಿಂದಲೇ ಅವನು ಎಷ್ಟೋ ಜನರನ್ನು ಹಿಡಿದಿದ್ದ. ಮೇಸ್ತ್ರಿಗೆ ಭಯಕ್ಕಿಂತ ಹುರುಪು ಬಂತು. ಅವನು ಚಾಪೆ ಕೆಳಗೆ ತೂರಿದರೆ ತಾನು ರಂಗೋಲಿ ಕೆಳಗೆ ತೂರುತ್ತೇನೆ ಎಂದುಕೊಂಡ.

ಬದಲಿಗೆ ಕೂರಿಸಲು ಅದೇ ಜಾತಿಯ ಇನ್ನೊಂದು ಎಂಜಿನ್ ಎಲ್ಲಿದೆ ಎಂಬುದು ಅವನಿಗೆ ಮೊದಲೇ ಗೊತ್ತಿತ್ತು. ಮರ ಕೊಯ್ಯುವ ಮಿಲ್ಲೊಂದರಲ್ಲಿ ಗರಗಸ ತಿರುಗಿಸಲು ಅದನ್ನು ಹೂಡಿದ್ದರು. ಕರೆಂಟಿನ ಮೋಟಾರು ಬಂದ ಮೇಲೆ ಅದು ಮರದ ಹೊಟ್ಟಿನಲ್ಲಿ ಹೂತುಹೋಗಿತ್ತು. ಬಿಡಿಭಾಗಕ್ಕೆ ಬೇಕು ಎಂದು ಹೇಳಿ ತಂದ. ಅದನ್ನು ಹೇಗೋ ಹಾಗೆ ಕಟ್ಟಿ ಕೂರಿಸಬಹುದಿತ್ತು, ಆದರೆ ಕೈ ಒಪ್ಪಲಿಲ್ಲ. ಸವೆದದ್ದನ್ನೆಲ್ಲ ಬದಲಿಸಿ, ನಿಜವಾದದ್ದರಂತೆಯೇ ಕೊಂಚ ಟಕಟಕ ಎನ್ನುವ ಹಾಗೆ ವಾಲ್ವಿನ ಸಂದನ್ನು ಸಡಿಲಿಸಿದ. ಕಳ್ಳತನವನ್ನೂ ಅವನು ಮರ್ಯಾದಸ್ತನ ಹಾಗೆ ಮಾಡುತ್ತಿದ್ದ.

ಕಷ್ಟದ ಕೆಲಸ ಮೊದಲು ಮುಗಿಯಲಿ ಎಂದು ಅಪ್ಪ ಕಟ್ಟಿದ ಎಂಜಿನ್ನಿನ ನಂಬರನ್ನು ಅರದಿಂದ ಉಜ್ಜಿ ತೆಗೆದ. ನಾಳೆ ಅದನ್ನು ಬಚ್ಚಿಡುವ ಹಿಂದಿನ ಕೋಣೆಗೆ ಯಾರಾದರೂ ನುಗ್ಗಿದರೂ ನಂಬರಿಲ್ಲದ ಎಂಜಿನ್ ಬರೀ ಕಬ್ಬಿಣ, ಅದಕ್ಕೆ ಅಪ್ಪ ಅಮ್ಮ ಇಲ್ಲ. ಅರ ಆಡಿಸುವಾಗ ಕಣ್ಣು ಒದ್ದೆಯಾಯಿತು. ಕಬ್ಬಿಣದ ಪುಡಿ ಬಿತ್ತು ಎಂದು ತನಗೆ ತಾನೇ ಹೇಳಿಕೊಂಡ. ನಂಬರನ್ನು ಬರೆದಿಟ್ಟುಕೊಳ್ಳಲಿಲ್ಲ, ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಪ್ರತಿ ತೆಗೆಯಲೂ ಇಲ್ಲ. ಮೀಸೆ ಬರುವ ಮೊದಲಿನಿಂದ ಬಾಯಿಪಾಠವಾಗಿದ್ದ ನಂಬರು ಅದು.

ಆಮೇಲೆ ಅಪ್ಪನ ಅಚ್ಚುಗಳನ್ನು ತೆಗೆದ. ಅಂಕಿ ಹೊಡೆಯುವ ಉಕ್ಕಿನ ಕಡ್ಡಿಗಳು, ಎಣ್ಣೆಬಟ್ಟೆಯಲ್ಲಿ ಸುತ್ತಿ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟವು. ಕಾರಿನಷ್ಟೇ ಹಳೆಯವು. ಭೂತಗನ್ನಡಿ ಹುಡುಕುವ ಹೊಸ ಅಚ್ಚಿನ ಚೂಪು ಇವಕ್ಕೆ ಇರಲಿಲ್ಲ. ಮೂರರ ಅಚ್ಚು ಕೈಗೆ ಬಂದಾಗ, ಹುಡುಗನಾಗಿದ್ದಾಗ ಅದನ್ನು ರೈಲು ಕಂಬಿಯ ತುಂಡಿನ ಮೇಲೆ ಬೀಳಿಸಿ ಅಪ್ಪನಿಂದ ಕಪಾಳಕ್ಕೆ ತಿಂದದ್ದು ನೆನಪಾಗಿ ಪ್ರೀತಿ ಉಕ್ಕಿತು. ಪಕ್ಕದ ವೆಲ್ಡಿಂಗ್ ಅಂಗಡಿಯವನು ಕಬ್ಬಿಣ ಬಡಿಯುವ ಹೊತ್ತು ನೋಡಿ, ಅವನ ಏಟಿಗೆ ತನ್ನ ಏಟು ಸೇರಿಸಿ, ಮಿಲ್ಲಿನ ಎಂಜಿನ್ನಿನ ಸ್ವಂತ ನಂಬರು ಅಳಿಸಿದ ಜಾಗದಲ್ಲಿ ಆ ನಂಬರು ಹೊಡೆದ. ಉಪ್ಪುನೀರು, ಹುಳಿ, ಹಳೆ ಎಣ್ಣೆ, ಮಸಿ ಎಲ್ಲ ಸೇರಿಸಿ ಅದಕ್ಕೆ ವಯಸ್ಸು ಬರಿಸಿದ. ಮುಗಿದ ಮೇಲೆ ಅವನಿಗೇ ಗುರುತು ಸಿಗದಂತಾಗಿತ್ತು.

ಅದನ್ನು ಕಾರಿಗೆ ಹಾಕಿ, ನಿಜವಾದ ಎಂಜಿನ್ನನ್ನು ಹಿಂದಿನ ಕೋಣೆಯಲ್ಲಿ ಕಬ್ಬಿಣದ ಸ್ಟ್ಯಾಂಡಿಗೆ ಕೂರಿಸಿದ. ಒಂದು ಭಾನುವಾರ ಷಟರ್ ಎಳೆದು ಚಾಲು ಮಾಡಿದ. ಅದೇ ಸದ್ದು. ಬಾಗಿಲ ಕಡೆ ನೋಡಿದ. ಪರವಾಗಿಲ್ಲ ಎನ್ನಲು ಅಲ್ಲಿ ಯಾರೂ ಇರಲಿಲ್ಲ. ಕೋಣೆಯ ತುಂಬ ಹೊಗೆ ತುಂಬಿ ಕೆಮ್ಮು ಬಂತು. ನಿಲ್ಲಿಸಿ ತಾಡಪಾಲು ಹೊದಿಸಿದ. ಜೀವಮಾನವೆಲ್ಲ ಬಯಸಿದ್ದು ಕೈಗೆ ಬಂದಿತ್ತು, ಅದರಿಂದ ಏನು ಮಾಡಬೇಕು ಎಂಬುದು ಮಾತ್ರ ತಿಳಿಯಲಿಲ್ಲ.

ಕಾರು ಒಯ್ಯಲು ಅಕ್ಕನ ಮಗಳು ಬಂದಳು. ರಸ್ತೆಯ ತುದಿಯವರೆಗೆ ಓಡಿಸಿ ವಾಪಸು ಬಂದು ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಮಾವ, ಅಮ್ಮ ಪಕ್ಕದಲ್ಲೇ ಕೂತ ಹಾಗಿದೆ. ನಿನ್ನ ಕೈಯಲ್ಲಿ ಏನಿದೆಯೋ!"

ಅವನು ಟೈರಿನ ಗಾಳಿ ನೋಡುವವನಂತೆ ಬಗ್ಗಿದ. ಆಗಲೇ ಹೇಳಿಬಿಟ್ಟಿದ್ದರೆ ಎಂದು ಆಮೇಲೆ ಅನಿಸಿತು. ಹೇಳುವ ಬಾಯಿ ಇದ್ದಿದ್ದರೆ ಅವನು ಎಂಜಿನ್ನನ್ನು ಬಾಯಿಬಿಟ್ಟು ಕೇಳಿಯೇ ತಗೊಳ್ಳುತ್ತಿದ್ದ.

ಪರೀಕ್ಷೆ ಭಾವನ ಮನೆಯ ಮುಂದಿನ ಅಂಗಳದಲ್ಲಿ ನಡೆಯಿತು. ಭೂತಗನ್ನಡಿ ತೆಳ್ಳಗೆ, ಮೆತ್ತಗೆ ಮಾತಾಡುವ ಮನುಷ್ಯ. ಬಾನೆಟ್ ಎತ್ತಿ ಬೆಳಗಿನ ಬಿಸಿಲು ಏರುವವರೆಗೂ ಅದರೊಳಗೇ ಇದ್ದ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುವಂತೆ ಮೇಸ್ತ್ರಿ ಒಮ್ಮೆ ನಿಂತ, ಒಮ್ಮೆ ಕೂತ, ಎರಡು ಸಲ ನೀರು ಕೇಳಿ ಕುಡಿದ. ಕೊನೆಗೆ ಪರೀಕ್ಷಕ ನಂಬರಿನ ಮೇಲೆ ಗಾಜು ಹಿಡಿದು ನಕ್ಕ.

"ಬನ್ನಿ, ಇಲ್ಲಿ ನೋಡಿ. ನಕಲಿ ಮಾಡೋನು ಹೊಸ ಅಚ್ಚು ತರ್ತಾನೆ, ಅಂಕಿ ಎಲ್ಲ ನೀಟಾಗಿ ಕೂರುತ್ತೆ. ಇಲ್ಲಿ ಮೂರರ ಕೆಳಗಿನ ಬಾಲ ತುಂಡಾಗಿದೆ, ಕಾಣ್ತಾ? ಕಾರ್ಖಾನೆಯಲ್ಲಿ ಹೊಡೆದು ಹೊಡೆದು ಮುರಿದ ಅಚ್ಚು. ಇಂಥದ್ದನ್ನ ಯಾರೂ ಬೇಕು ಅಂತ ಮಾಡಕ್ಕಾಗಲ್ಲ."

ಮೇಸ್ತ್ರಿ ಬಗ್ಗಿ ನೋಡಿದ. ಹೌದು, ಬಾಲ ಇರಲಿಲ್ಲ. ಅವನ ಕಣ್ಣಿಗೆ ಮೂರು ಎಂದರೆ ಹಾಗೆಯೇ ಇರುವುದು. ಹುಡುಗನಾಗಿದ್ದಾಗಿನಿಂದ ಆ ಗ್ಯಾರೇಜಿನಲ್ಲಿ ಬೇರೆ ಮೂರನ್ನು ಅವನು ಹೊಡೆದವನೇ ಅಲ್ಲ. ಅಂದು ತಿಂದ ಕಪಾಳದ ಏಟು ಇಷ್ಟು ವರ್ಷಗಳ ಮೇಲೆ ಉಪಕಾರಕ್ಕೆ ಬಂತಲ್ಲ ಎಂದು ಮನಸ್ಸಿನಲ್ಲೇ ಅಪ್ಪನಿಗೆ ಕೈಮುಗಿದ. ಪರೀಕ್ಷಕ ಸರ್ಟಿಫಿಕೇಟಿಗೆ ಸಹಿ ಹಾಕಿ, ಗಾಜನ್ನು ಜೇಬಿಗೆ ಇಳಿಸಿದ.

ಆಗ ಭಾವ ಗಂಟಲು ಸರಿಮಾಡಿಕೊಂಡ. ತಮಾಷೆ ಬಿಟ್ಟು ಬೇರೆ ಮಾತು ಅವನಿಗೆ ಅಭ್ಯಾಸವಿರಲಿಲ್ಲ.

"ಅವತ್ತು ಟೇಬಲ್ ಅಂತ ತಮಾಷೆ ಮಾಡ್ದಾಗ ನಿನ್ನ ಮುಖ ನೋಡ್ದೆ ಕಣೋ. ಮನೆಗೆ ಬಂದ್ರೆ ಊಟ ಸೇರ್ಲಿಲ್ಲ. ನಿನ್ನ ಅಕ್ಕ ಹೋಗೋ ಮುಂಚೆ ಹೇಳಿದ್ಲು, ಕಾರು ತಮ್ಮನಿಗೆ ಕೊಟ್ಬಿಡಿ, ಅದು ಅವನದೇ ಅಂತ. ನಾನೇ ಇವತ್ತು ನಾಳೆ ಅಂತ ತಳ್ಳಿದೆ. ಒರಿಜಿನಲ್ ಇದ್ರೇನೇ ಮರ್ಯಾದೆ ಅಂದೆಯಲ್ಲ, ಅದಕ್ಕೇ ಸರ್ಟಿಫಿಕೇಟ್ ಸಮೇತ ಕೊಡೋಣ ಅಂತ ಇಷ್ಟೆಲ್ಲ. ತಗೋ, ಇನ್ನು ನಿನ್ನದು."

ಅಕ್ಕನ ಮಗಳು ಕೀಲಿಯನ್ನು ಅವನ ಅಂಗೈಯಲ್ಲಿಟ್ಟಳು. ಅವಳ ಕಣ್ಣು ತುಂಬಿತ್ತು. ಅವನದಾದ ಕಾರಿನಲ್ಲಿ ಮರ ಕೊಯ್ಯುವ ಮಿಲ್ಲಿನ ಎಂಜಿನ್ ಕೂತಿತ್ತು. ಅಪ್ಪನ ಎಂಜಿನ್ ಮುಖವಿಲ್ಲದೆ ತಾಡಪಾಲಿನ ಕೆಳಗಿತ್ತು. ಅರ ತಿಂದದ್ದನ್ನು ಅರ ವಾಪಸು ಕೊಡುವುದಿಲ್ಲ. ಈಗ ಅದಕ್ಕೆ ಅದೇ ನಂಬರನ್ನು ಮತ್ತೆ ಹೊಡೆದರೆ ಅಸಲಿಯೇ ನಕಲಿಯಾಗುತ್ತದೆ. ಕೇಳದೇ ಸಿಗುತ್ತಿದ್ದುದನ್ನು ಕದ್ದು ಹಾಳು ಮಾಡಿದ್ದ. ಆದರೂ ಯಾರಿಗೂ ತಿಳಿದಿಲ್ಲ ಎಂದು ಮನಸ್ಸನ್ನು ಹಿಡಿದುಕೊಂಡ. ಈ ಹುಡುಗಿಗಾದರೂ ತಾನು ಹಳೆಯ ಮಾವನೇ ಆಗಿರುತ್ತೇನೆ, ಸಾಯುವವರೆಗೆ ಬಾಯಿ ಮುಚ್ಚಿಕೊಂಡಿದ್ದರೆ ಅಷ್ಟಾದರೂ ಉಳಿಯುತ್ತದೆ.

"ತಡಿ ಮಾವ, ಒಂದು ಫೋಟೋ," ಎಂದು ಅವಳು ಕೀಲಿಯನ್ನು ಅವನ ಕೈಯಿಂದ ಮತ್ತೆ ತೆಗೆದುಕೊಂಡು, ಎಂಜಿನ್ನಿನ ನಂಬರೂ ಕೀಲಿಯೂ ಒಟ್ಟಿಗೆ ಕಾಣಲೆಂದು ಹಿತ್ತಾಳೆ ಬಿಲ್ಲೆಯನ್ನು ನಂಬರಿನ ಪಕ್ಕದಲ್ಲೇ ಇಟ್ಟಳು. ಫೋನು ಎತ್ತಿದವಳು ಹಾಗೇ ನಿಂತು ಖುಷಿಯಿಂದ ನಕ್ಕಳು. "ಅಯ್ಯೋ, ನೋಡಿ ಇಲ್ಲಿ! ನಮ್ಮ ಬಿಲ್ಲೆಯ ಮೂರಿಗೂ ಬಾಲ ಇಲ್ಲ!" ಹೊರಟಿದ್ದ ಭೂತಗನ್ನಡಿ ವಾಪಸು ಬಂದ. ಗಾಜನ್ನು ಜೇಬಿನಿಂದ ತೆಗೆದು ಬಿಲ್ಲೆಯ ಮೇಲೆ ಹಿಡಿದ, ನಂಬರಿನ ಮೇಲೆ ಹಿಡಿದ, ಮತ್ತೆ ಬಿಲ್ಲೆಯ ಮೇಲೆ ಹಿಡಿದ. "ಈ ಬಿಲ್ಲೆ ಯಾವ ಕಾರ್ಖಾನೆಯದಮ್ಮ?" ಎಂದು ಮೆತ್ತಗೆ ಕೇಳಿದ. ಮೇಸ್ತ್ರಿ ಬಾಯಿ ತೆರೆಯುವ ಮೊದಲೇ ಅವಳು ಅವನ ತೋಳಿಗೆ ತೋಳು ಸೇರಿಸಿ, ಹೆಮ್ಮೆಯಿಂದ ಹೇಳಿದಳು: "ಕಾರ್ಖಾನೆಯದಲ್ಲ ಸಾರ್. ನಮ್ಮ ಮಾವನೇ ಕೈಯಾರೆ ಹೊಡೆದದ್ದು, ನಮ್ಮ ಅಜ್ಜನ ಅಚ್ಚಲ್ಲಿ."