ಪಟ್ಟದ ಗಿಣಿಯ ಕೊಕ್ಕು

ಬಹಳ ಹಿಂದೆ, ಏಳು ಬೆಟ್ಟಗಳ ಆಚೆ, ಚಂದ್ರಗಾವಿ ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದವಳು ಪದ್ಮಗಂಧಿ ಎಂಬ ಮುದಿ ರಾಣಿ. ರಾಜ ತೀರಿಹೋಗಿ ಹತ್ತು ವರ್ಷವಾಗಿದ್ದರೂ ದಿನಾ ಬೆಳಗ್ಗೆ ಅವನ ದನಿ ಅರಮನೆಯಲ್ಲಿ ಕೇಳುತ್ತಿತ್ತು. "ಪದ್ಮೀ, ಏಳೇ, ಬಿಸಿಲು ಬಂತು!" ಹಾಗೆ ಕೂಗುತ್ತಿದ್ದದ್ದು ರಾಜ ಸಾಕಿದ ಗಿಣಿ, ಚಿಗುರ.

ಒಂದು ದಿನ ಉಗ್ರನಖ ಎಂಬ ಮಾಂತ್ರಿಕ ಬಂದು ಬೆಳ್ಳಿಯ ಬಟ್ಟಲು ಕಾಣಿಕೆ ಕೊಟ್ಟ. "ಪಟ್ಟದ ಗಿಣಿ ಕಾಳು ಕಡಿಯಬಾರದು, ತಾಯಿ. ಇದರಲ್ಲಿ ನೆನೆಸಿ, ಸಿಪ್ಪೆ ಸುಲಿದು, ನಿಮ್ಮ ಕೈಯಾರೆ ತಿನ್ನಿಸಿ" ಎಂದ. ರಾಣಿ ಹಾಗೇ ಮಾಡಿದಳು. ಪ್ರೀತಿ ಎಂದರೆ ಅದೇ ಎಂದುಕೊಂಡಳು. ಪಂಜರದ ಮರದ ಕೋಲನ್ನೂ ತೆಗೆಸಿ, ರೇಷ್ಮೆ ಸುತ್ತಿದ ಬೆಳ್ಳಿ ಕೋಲು ಹಾಕಿಸಿದಳು. ಒಂದೊಂದು ತುತ್ತಿಗೂ ಕೊಕ್ಕು ಎಳ್ಳುಕಾಳಿನಷ್ಟು ಬೆಳೆಯಿತು. ತಿಂಗಳಾಗುವಷ್ಟರಲ್ಲಿ ಕುಡುಗೋಲಿನಂತೆ ಬಾಗಿ ಎದೆಗೆ ಚುಚ್ಚಿತು. ಗಿಣಿ ಮೂಕವಾಯಿತು.

ಆಗ ಮಾಂತ್ರಿಕ ಹೇಳಿಕಳಿಸಿದ: "ಸಿಂಹಾಸನ ಕೊಡಿ, ಗಿಣಿ ಉಳಿಸುತ್ತೇನೆ. ಮೂರು ದಿನ ಗಡುವು."

ಆ ಊರಲ್ಲಿ ಕೊಂಬಿನ ಬಾಚಣಿಗೆ ಮಾಡುವ ಬೊಮ್ಮವ್ವ ಇದ್ದಳು. ಕೆಲಸ ಯಾರು ಕಲಿಸಿದರು ಎಂದರೆ, "ನಾನೇ ಕಲಿಸಿದೆ, ನಾನೇ ಕಲಿತೆ" ಎನ್ನುವವಳು. ಅರಮನೆಗೆ ಬಂದು, ಕೊಂಬು ಉಜ್ಜುವ ತನ್ನ ಅರ ತೆಗೆದಳು. "ಕೊಕ್ಕೂ ಕೊಂಬೂ ಒಂದೇ ಜಾತಿ, ತಾಯಿ." ರಕ್ತವಿರುವ ಕಡೆ ತಾಗದಂತೆ ಮೆಲ್ಲಗೆ ಉಜ್ಜಿದಳು. ಗಿಣಿ ಬಾಯಿ ತೆರೆಯಿತು. ಸಂತೋಷ ತಡೆಯಲಾರದೆ ರಾಣಿ ಬೆಳ್ಳಿ ಬಟ್ಟಲಿನಿಂದ ಒಂದು ತುತ್ತು ಕೊಟ್ಟಳು. ಈ ಸಲ ಒಂದೇ ತುತ್ತಿಗೆ ಕೊಕ್ಕು ಸರ್ರನೆ ಮತ್ತೆ ಅಷ್ಟೇ ಉದ್ದವಾಯಿತು.

"ಬಾಚಣಿಗೆಯವಳಿಗೆ ಈ ಉಸಾಬರಿ ಯಾಕೆ?" ಎಂದು ಮಂತ್ರಿ ನಕ್ಕ.

"ಕೈಗೆತ್ತಿಕೊಂಡ ಕೆಲಸ ಅರ್ಧಕ್ಕೆ ಬಿಟ್ಟವಳಲ್ಲ ನಾನು" ಎಂದು ಬೊಮ್ಮವ್ವ ಮಾಂತ್ರಿಕನಿದ್ದ ಮಾಯಾವನದ ದಾರಿ ಹಿಡಿದಳು.

ಮೊದಲು ಕಾಡುಹಂದಿಯೊಂದು ಅಡ್ಡ ನಿಂತಿತು. ಅದರ ಕೋರೆ ಸುತ್ತಿ ಸುತ್ತಿ ಹಣೆಗೇ ಚುಚ್ಚುತ್ತಿತ್ತು. "ಗುರುಗುಟ್ಟಬೇಡಪ್ಪ, ಮುಖ ಈ ಕಡೆ ಕೊಡು" ಎಂದು ಬೊಮ್ಮವ್ವ ಉಜ್ಜಿದಳು. ಹಂದಿ ಹೇಳಿತು: "ಮಾಂತ್ರಿಕ ತುಪ್ಪದನ್ನ ತಿನ್ನಿಸುತ್ತಾನೆ. ನೆಲ ಕೆದಕಲು ಬಿಡುವುದಿಲ್ಲ."

ಆಮೇಲೆ ಕುದುರೆ ಅಡ್ಡ ನಿಂತಿತು. ಅದರ ಗೊರಸು ದೋಣಿಯಂತೆ ಬೆಳೆದಿತ್ತು. ಅದನ್ನೂ ಉಜ್ಜಿದಳು. ಕುದುರೆ ಹೇಳಿತು: "ಹತ್ತಿಯ ಹಾಸಿಗೆ ಮೇಲೆ ನಿಲ್ಲಿಸುತ್ತಾನೆ. ಕಲ್ಲು ತುಳಿದು ವರ್ಷವಾಯಿತು."

ಕೊನೆಗೆ ಕರಡಿ. ಅದರ ಉಗುರನ್ನೂ ಉಜ್ಜಿದಳು. ಕರಡಿ ಹೇಳಿತು: "ಮರ ಪರಚಲು ಬಿಡುವುದಿಲ್ಲ. ಅವನ ಅಂಗಳದ ಬೇವಿನ ಕೊಂಬೆಯನ್ನು ಗಿಣಿ ತಾನಾಗಿಯೇ ಕಡಿದರೆ ಮಾಟ ಮುರಿಯುತ್ತದೆ. ಎಚ್ಚರ! ಅವನ ಮಂತ್ರವೆಲ್ಲ ಹತ್ತು ಉಗುರಿನಲ್ಲಿದೆ."

ಉಗ್ರನಖ ಅಂಗಳದಲ್ಲೇ ಕೂತಿದ್ದ. ಒಂದೊಂದು ಉಗುರೂ ಮೊಳದುದ್ದ.

"ನಿನ್ನನ್ನು ಕಪ್ಪೆ ಮಾಡಲೇನೇ?"

"ಮಾಡಪ್ಪ. ಆದರೆ ಈ ಮಾಸಿದ ಉಗುರಲ್ಲಿ ಪಟ್ಟಕ್ಕೆ ಕೂರುತ್ತೀಯಾ? ಜನ ನಗುವುದಿಲ್ಲವೇ?"

ಮಾಂತ್ರಿಕ ಉಗುರು ನೋಡಿಕೊಂಡ. "ಹೊಳಪು ಕೊಡುತ್ತೀಯಾ?"

"ಅಲುಗಾಡದೆ ಕೂತ್ಕೋ."

ಎಣ್ಣೆ ಸವರಿ ಉಜ್ಜತೊಡಗಿದಳು. ಹಿತವಾಗಿ ಅವನಿಗೆ ಜೋಂಪು ಹತ್ತಿತು. ಎಚ್ಚರವಾದಾಗ ಹತ್ತೂ ಉಗುರು ಪುಡಿಯಾಗಿ ಮಡಿಲಲ್ಲಿ ಬಿದ್ದಿದ್ದವು. "ಕಪ್ಪೆಯಾಗು!" ಎಂದು ಮೊಂಡು ಬೆರಳು ಎತ್ತಿದ. ಬೊಮ್ಮವ್ವ ಬೊಮ್ಮವ್ವನೇ ಆಗಿದ್ದಳು. ಹಿಂದಿನಿಂದ ಹಂದಿ ಗುರುಗುಟ್ಟಿತು. ಓಡಿದವನು ಏಳು ಬೆಟ್ಟ ದಾಟಿದರೂ ನಿಲ್ಲಲಿಲ್ಲ.

ಮೂರನೆಯ ದಿನ ಕೊಂಬೆ ಹಿಡಿದು ಕುದುರೆಯ ಮೇಲೆ ಬಂದಳು. ಕೊಕ್ಕು ಉಜ್ಜಿ, ಕೊಂಬೆಯನ್ನು ಪಂಜರಕ್ಕೆ ಕಟ್ಟಿದಳು. ಗಿಣಿ ಕೊಂಬೆ ನೋಡಲಿಲ್ಲ. ರಾಣಿಯನ್ನು ನೋಡಿ ಮರಿಯಂತೆ ಬಾಯಿ ಬಿಟ್ಟಿತು. ರಾಣಿಯ ಕೈ ಬಟ್ಟಲಿಗೆ ಹೋಯಿತು.

"ಕೈ ಕಟ್ಟಿ ಕೂತ್ಕೊಳ್ಳಿ, ತಾಯಿ."

"ಹಸಿದಿದೆ ಕಣೇ!"

"ಹಸಿದಿದೆ. ಅದಕ್ಕೇ ಕಡಿಯುತ್ತದೆ."

ರಾಣಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಳು. ಕಣ್ಣಲ್ಲಿ ನೀರು ಸುರಿಯಿತು. ಗಿಣಿ ಕಾದು ಕಾದು, ಬೇಸತ್ತು, ಸಿಟ್ಟಿನಿಂದ ಕೊಂಬೆಯನ್ನು ಕಟ್ಟೆಂದು ಕಡಿಯಿತು. ಬೆಳ್ಳಿ ಬಟ್ಟಲು ಎರಡು ಹೋಳಾಯಿತು.

ಮಾರನೆಯ ಬೆಳಗ್ಗೆ, "ಪದ್ಮೀ, ಏಳೇ, ಬಿಸಿಲು ಬಂತು!"

ಆಮೇಲೆ ಚಿಗುರ ಏನು ಸಿಕ್ಕಿದರೂ ಕಡಿಯಿತು. ಸಿಂಹಾಸನದ ಬಲಗೈಯನ್ನೂ ಕಡಿಯಿತು. ರಾಣಿ ಅದನ್ನು ರಿಪೇರಿ ಮಾಡಿಸಲಿಲ್ಲ. ಚಂದ್ರಗಾವಿಯಲ್ಲಿ ಇಂದಿಗೂ ಪಟ್ಟಕ್ಕೆ ಕೂತವರೆಲ್ಲ ಆ ಕಚ್ಚುಗಳ ಮೇಲೆ ಮೊದಲು ಕೈಯಿಡುತ್ತಾರೆ. ನಗುತ್ತಾರೆ. ನಗುನಗುತ್ತಲೇ ರಾಜ್ಯ ಆಳುತ್ತಾರೆ. ಜನ ಸುಖವಾಗಿದ್ದಾರೆ, ಗಿಣಿಗಳೂ ಸುಖವಾಗಿವೆ.