ಹೊಸ್ತಿಲ ಮುಂದಿನ ಇರುವೆಗಳು

ರವಿವಾರ ಬೆಳಗ್ಗೆ ಕುಡಚಿ ಸೇತುವೆಯ ನಟ್ಟನಡುವೆ ಧನಪಾಲನ ಹಳೆಯ ಫಿಯಾಟ್ ಕಾರು ಒಮ್ಮೆ ಕಿರುಗುಟ್ಟಿ ನಿಂತುಬಿಟ್ಟಿತು. ಎಂಜಿನ್ ಜಾಮ್! ಸಾಂಗಲಿಯಲ್ಲಿ ಅಂದು ಹಳೆಯ ಕಾರುಗಳ ಮೆರವಣಿಗೆ. ಈ ಸಲದ ಮೊದಲ ಬಹುಮಾನ ತನ್ನದೇ ಎಂದು ಧನಪಾಲ ಹಾರೂಗೇರಿಯ ತುಂಬ ಹೇಳಿಕೊಂಡು ಬಂದಿದ್ದ.

ಟ್ರ್ಯಾಕ್ಟರ್ ಕಾರನ್ನು ಎಳೆದು ತಂದು ಅವನ ಅಂಗಳದಲ್ಲಿ ಬಿಟ್ಟಿತು. ಪೇಟೆಯ ಮೆಕ್ಯಾನಿಕ್ ಜ್ಞಾನದೇವ ಎಂಜಿನ್ನಿನ ಅಡಿಯ ಆಯಿಲ್ ಚೇಂಬರ್ ಬಿಚ್ಚಿದ. ತಳದಲ್ಲಿ ಬೂದು ಬಣ್ಣದ ಕೆಸರು. ಎರಡು ಬೆರಳ ನಡುವೆ ತಿಕ್ಕಿದ. ಗರಗರ ಅಂದಿತು.

"ಗ್ರೈಂಡಿಂಗ್ ಪೇಸ್ಟ್ ರೀ ಸಾವ್ಕಾರ್ರ. ವಾಲ್ವ್ ಉಜ್ಜಿದ ಮ್ಯಾಲ ತೊಳದಿಲ್ಲ. ಯಾವ ಪುಣ್ಯಾತ್ಮ ಮಾಡ್ಯಾನ ಇದನ್ನ?"

ಎರಡು ದಿನದ ಹಿಂದೆ ವಾಲ್ವ್ ಕೆಲಸ ಮಾಡಿಕೊಟ್ಟವನು ಮಿಸ್ತ್ರಿ ಲಗಮಣ್ಣ ಎಂದು ಜ್ಞಾನದೇವನಿಗೆ ಗೊತ್ತಿತ್ತು. ಹತ್ತು ವರ್ಷ ಆ ಲಗಮಣ್ಣನ ಗ್ಯಾರೇಜಿನಲ್ಲೇ ಕೆಲಸ ಕಲಿತು, ಜಗಳಾಡಿ ಹೊರಬಿದ್ದವನು ಅವನು.

ಲಗಮಣ್ಣನನ್ನು ಕರೆಸಿದರು. ಚಪ್ಪಲಿ ಬಿಡಿಸಿ ಬಾಗಿಲ ಮುಂದೆ ನಿಲ್ಲಿಸಿದರು. ಧನಪಾಲ ಮೊದಲು ಕೆನ್ನೆಗೆ ಬಾರಿಸಿದ, ಆಮೇಲೆ ಮಾತಾಡಿದ.

"ಮೂವತ್ತ ವರ್ಷದ ಮಿಸ್ತ್ರಿ ಅಂತ ಎದಿ ಉಬ್ಬಿಸ್ಕೊಂಡ ಅಡ್ಡಾಡ್ತಿ. ಪೇಸ್ಟ್ ತೊಳೀಲಿಕ್ಕೆ ಬರೂದಿಲ್ಲೇನಲೇ ನಿನಗ?"

"ತೊಳದೀನ್ರಿ."

"ಬಾಯಿ ಮುಚ್ಚು!"

ಅರ್ಧ ತಾಸು ಬೈಗುಳ ನಡೆಯಿತು. ಮೂವತ್ತು ಜನ ನೋಡುತ್ತಿದ್ದರು. ಲಗಮಣ್ಣ ತಲೆ ತಗ್ಗಿಸಿ ನಿಂತಿದ್ದ. ಹೊಸ್ತಿಲ ಮುಂದಿನ ನೆಲ ಬಿಟ್ಟರೆ ಅವನಿಗೆ ಬೇರೇನೂ ಕಾಣುತ್ತಿರಲಿಲ್ಲ. ಧನಪಾಲನ ಹೆಂಡತಿ ಪದ್ಮವ್ವ ಬಾಗಿಲಲ್ಲಿ ಸುಮ್ಮನೆ ನಿಂತಿದ್ದಳು. ಅಷ್ಟರಲ್ಲಿ ಆಳುಗಳು ಅವನ ಗ್ಯಾರೇಜಿನ ಬೋರ್ಡು ಕಿತ್ತು ತಂದು ಅಂಗಳದಲ್ಲಿ ಎಸೆದರು.

"ನಾಳಿಂದ ಈ ಊರಾಗ ಒಂದ ಸೈಕಲ್ಲೂ ನಿನ್ನ ಕಡೆ ಬರೂದಿಲ್ಲ, ನೋಡಕೋ" ಎಂದ ಧನಪಾಲ.

ಹೊರಡುವಾಗ ಲಗಮಣ್ಣ ಚೇಂಬರಿನ ಕೆಸರನ್ನು ಒಂದು ಡಬ್ಬಿಯಲ್ಲಿ ತುಂಬಿಕೊಂಡ. ಯಾರೂ ತಡೆಯಲಿಲ್ಲ. ಜ್ಞಾನದೇವ ಮಾತ್ರ ನಕ್ಕ: "ಮನ್ಯಾಗ ಪೂಜಾ ಮಾಡಾಂವ ಏನಣ್ಣಾ?"

ಗ್ಯಾರೇಜಿನಲ್ಲಿ ಕೂತು ಲಗಮಣ್ಣ ತನ್ನ ಕೆಲಸವನ್ನು ಮೊದಲಿನಿಂದ ನೆನೆದ. ಎಂಟು ವಾಲ್ವುಗಳನ್ನು ಕಳಚಿ, ರಟ್ಟಿಗೆ ಎಂಟು ತೂತು ಕೊರೆದು ಸಾಲಾಗಿ ಚುಚ್ಚಿದ್ದ—ಒಂದರ ಜಾಗಕ್ಕೆ ಇನ್ನೊಂದು ಹೋಗಬಾರದಲ್ಲ. ಕಾರ್ಬನ್ ಕೆರೆದಿದ್ದ. ಒಂದೊಂದಕ್ಕೂ ಬೆರಳ ತುದಿಯಷ್ಟು ಪೇಸ್ಟ್ ಹಚ್ಚಿ, ರಬ್ಬರಿನ ಕೋಲನ್ನು ಅಂಗೈಗಳ ನಡುವೆ ಕಡಗೋಲಿನಂತೆ ತಿರುವಿ ಸೀಟಿಗೆ ಕೂಡಿಸಿದ್ದ. ಎರಡು ಸಲ ಸೀಮೆಎಣ್ಣೆಯಲ್ಲಿ ತೊಳೆದಿದ್ದ. ಕೊನೆಗೆ ವಾಲ್ವುಗಳ ಮೇಲೆ ಸೀಮೆಎಣ್ಣೆ ನಿಲ್ಲಿಸಿ ಒಂದು ಬೀಡಿ ಸೇದಿ ಮುಗಿಸಿದ್ದ. ಒಂದು ಹನಿಯೂ ಕೆಳಗೆ ಇಳಿದಿರಲಿಲ್ಲ.

ಕೆನ್ನೆ ಇನ್ನೂ ಉರಿಯುತ್ತಿತ್ತು. ಧನಪಾಲನ ತಲೆ ಅದೇ ಅಂಗಳದಲ್ಲಿ, ಅದೇ ಮೂವತ್ತು ಜನರ ಮುಂದೆ ತಗ್ಗಬೇಕು. ಅದು ಬಿಟ್ಟು ಬೇರೆ ಆಸೆ ಅವನಿಗೆ ಉಳಿದಿರಲಿಲ್ಲ.

ಸಂಜೆ ಚಹದಂಗಡಿಯಲ್ಲಿ ಧನಪಾಲನ ಡ್ರೈವರ್ ಸಂಭಾಜಿಯನ್ನು ಹಿಡಿದ.

"ಶುಕ್ರವಾರ ನಾ ಗಾಡಿ ಕೊಟ್ಟೆ. ಶನಿವಾರ ಬಾನೆಟ್ ಯಾರ ತಗದ್ರು?"

"ಆಯೀಶಪ್ಪಥ್, ಅವ್ವನ ಆಣಿ, ನಾ ತಗದಿಲ್ಲೋ ಮಾರಾಯಾ! ಶನಿವಾರ ಸುಟ್ಟಿ. ಮಿರಜಿಗೆ ಅಕ್ಕನ ಮನಿಗೆ ಹೋಗಿದ್ನಿ."

"ಸಾವ್ಕಾರ?"

"ಫ್ಯಾಕ್ಟರಿ ಮೀಟಿಂಗ್. ಬಂದಿದ್ದ ರಾತ್ರಿ. ಆಳುಗಳೂ ದಿನಾಪೂರ್ತಿ ಹೊಲದಾಗ."

"ಜ್ಞಾನದೇವ ಬಂದಿದ್ನೇನು?"

"ಅಂವಾ ಬಂದ್ರ ನಾಯಿ ಬಿಡತೈತೇನು? ಹೊರಗಿನವರನ್ನ ಗೇಟಿನ ಒಳಗ ಕಾಲ ಇಡಸೂದಿಲ್ಲ ಅದು."

"ಚಾವಿ?"

"ದೇವರ ಖೋಲ್ಯಾಗ ಮೊಳಿಗೆ." ಸಂಭಾಜಿ ಬಸಿಯಲ್ಲಿ ಚಹ ಊದುತ್ತ ದನಿ ತಗ್ಗಿಸಿದ. "ಆ ಗಾಡಿಗೆ ಶಾಪ ಐತೋ ಲಗಮಣ್ಣಾ. ಪದ್ಮವ್ವ ಅಕ್ಕಾರ ಅಪ್ಪ ಮದವ್ಯಾಗ ಕೊಟ್ಟ ಗಾಡಿ. ಹೋದ ತಿಂಗಳ ಆ ಮುದಕ ಕೊಕಟನೂರಾಗ ಸಾಯಾಕತ್ತಾಗ ಅಕ್ಕಾರು ಗಾಡಿ ಕೇಳಿದ್ರು. ಹೊಸಾ ಪೇಂಟ ಐತಿ, ಆ ದಾರ್ಯಾಗ ಕಲ್ಲ ಸಿಡಿತಾವ, ಬಸ್ಸಿಗೆ ಹೋಗು ಅಂದ ಇವಾ. ಅಕ್ಕಾರ ಮುಟ್ಟೂದ್ರಾಗ ಬೆಂಕಿ ಇಟ್ಟ ಮುಗದಿತ್ತು."

ಲಗಮಣ್ಣ ಚಹ ಅರ್ಧಕ್ಕೇ ಬಿಟ್ಟು ಎದ್ದ. ಬಾಗಿಲ ಮುಂದೆ ತಲೆ ತಗ್ಗಿಸಿ ನಿಂತಾಗ ಕಂಡದ್ದು ಈಗ ಅರ್ಥವಾಗಿತ್ತು.

ಸೋಮವಾರ ಬೆಳಗ್ಗೆ ಅವನು ಧನಪಾಲನ ಅಂಗಳಕ್ಕೆ ಹೋದ. ಒಬ್ಬನೇ ಅಲ್ಲ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಕರೆದಿದ್ದ: "ನಿನ್ನಿ ನೋಡೀರಿ, ಇವತ್ತೂ ನೋಡ ಬರ್ರಿ." ಜ್ಞಾನದೇವನೂ ಬಂದ.

ಧನಪಾಲ ಗುಡುಗಿದ. "ಮತ್ಯಾಕ ಬಂದಿ?"

"ಲೆಕ್ಕಾ ತೀರಸಾಕ್ರಿ. ಜ್ಞಾನದೇವಾ, ಒಂದ ವಾಲ್ವಿಗೆ ಎಷ್ಟ ಪೇಸ್ಟ್ ಹಚ್ಚತಿ?"

"ಬೆರಳ ತುದಿ ಅಷ್ಟ."

"ಎಂಟಕ್ಕ?"

"ಒಂದ ಚಮಚೆ."

"ಚೇಂಬರ್‌ದಾಗ ಕೆಸರ ಎಷ್ಟ ಇತ್ತು?"

ಜ್ಞಾನದೇವ ಎರಡೂ ಅಂಗೈ ಕೂಡಿಸಿ ಅಳತೆ ತೋರಿಸಿದ. "ಎರಡ ಬೊಗಸಿ…"

"ನಾ ಒಟ್ಟ ತೊಳೀದಿದ್ರೂ ಎರಡ ಬೊಗಸಿ ಪೇಸ್ಟ್ ಎಲ್ಲಿಂದ ಬಂತಲೇ, ಜಾಣಾ?"

ಯಾರೋ ಕಿಸಕ್ಕನೆ ನಕ್ಕರು.

ಲಗಮಣ್ಣ ಎರಡು ಪಿಂಗಾಣಿ ಬಸಿ ಇಟ್ಟ. ಒಂದರಲ್ಲಿ ತನ್ನ ಪೇಸ್ಟಿನ ಪುಡಿ, ಇನ್ನೊಂದರಲ್ಲಿ ಚೇಂಬರಿನ ಕೆಸರಿನ ಪುಡಿ. ಎರಡನ್ನೂ ಪೆಟ್ರೋಲಿನಲ್ಲಿ ತೊಳೆದು ಒಣಗಿಸಿ ತಂದಿದ್ದ. ಪೇಸ್ಟಿನದು ಕಪ್ಪು, ಕೆಸರಿನದು ಬಿಳಿ. ಎರಡಕ್ಕೂ ಬ್ಯಾಟರಿ ಆ್ಯಸಿಡ್ ಒಂದೊಂದು ಹನಿ ಬಿಟ್ಟ. ಕಪ್ಪು ಪುಡಿ ಮಿಸುಕಲಿಲ್ಲ. ಬಿಳಿ ಪುಡಿ ಚುಸ್ಸೆಂದು ನೊರೆಯೆದ್ದಿತು.

"ಇದು ಸುಣ್ಣದ ಕಲ್ಲಿನ ಪುಡಿ. ಪೇಸ್ಟ್ ಅಲ್ಲ, ರಂಗೋಲಿ. ಆಯಿಲ್ ಹಾಕೂ ಬಾಯಿಂದ ಸುರವ್ಯಾರ. ಎಣ್ಣಿ ಸೋಸೂ ಜಾಳಗಿ ಕಟಗೊಂಡು, ಎಣ್ಣಿ ಮ್ಯಾಲ ಏರದ, ಎಂಜಿನ್ ಸುಟ್ಟೈತಿ."

"ರಂಗೋಲಿ ಯಾರ ಮನ್ಯಾಗಿಲ್ಲಲೇ?" ಧನಪಾಲನ ದನಿ ಮೊದಲ ಸಲ ಇಳಿದಿತ್ತು.

"ನಿಮ್ಮ ಮನ್ಯಾಗಿಲ್ರಿ."

"ಏನಂದಿ?"

"ಬಗ್ಗಿ ನೋಡ್ರಿ ನಿಮ್ಮ ಹೊಸ್ತಲಾ."

ಧನಪಾಲ ಬಗ್ಗಿದ. ರಂಗೋಲಿಯ ಎಳೆಗಳ ಮೇಲೆ ಇರುವೆಗಳು ಸಾಲುಗಟ್ಟಿದ್ದವು.

"ಇರವಿ ಕಲ್ಲ ತಿನ್ನೂದಿಲ್ಲ. ಇದು ಅಕ್ಕಿ ಹಿಟ್ಟ. ಶುಕ್ರವಾರ ಗಾಡಿ ಬಿಡಾಕ ಬಂದಾಗ ಇಲ್ಲೆ ಕಲ್ಲಿನ ರಂಗೋಲಿ ಇತ್ತು, ಒಂದ ಇರವಿ ಇರಲಿಲ್ಲ. ನಿನ್ನಿ ನೀವು ನನ್ನ ತಲಿ ತಗ್ಗಿಸಿ ನಿಲ್ಲಿಸಿದ್ರಲ್ಲ, ಅರ್ಧ ತಾಸು ಇವನ್ನ ನೋಡೀನಿ. ಪುಡಿ ಡಬ್ಬಿ ಶನಿವಾರ ಎಂಜಿನ್‌ದಾಗ ಖಾಲಿ ಆತು. ಮುಂದಿನ ಸಂತಿ ತನಕ ಮನ್ಯಾಗ ಬ್ಯಾರೆ ಇಲ್ಲ." ಅವನು ಬಾಗಿಲ ಕಡೆ ತಿರುಗಿದ. "ಶನಿವಾರ ಮನ್ಯಾಗ ಇದ್ದಾವ್ರು ನೀವೊಬ್ರ. ಹೊರಗಿನವರನ್ನ ನಾಯಿ ಒಳಗ ಬಿಡೂದಿಲ್ಲ. ಸುರದಾವ್ರು ನೀವ ಅಲ್ರೀ, ಅಕ್ಕಾರ?"

ಪದ್ಮವ್ವ ಸೆರಗು ಸರಿಮಾಡಿಕೊಂಡಳು. "ಹೌದು. ಎಣ್ಣಿ ಹಾಕೂ ಬಾಯಿ ಎಲ್ಲೈತಿ ಅಂತ ನಮ್ಮಪ್ಪನ ತೋರಿಸಿದ್ದ. ಆ ಗಾಡಿ ನಮ್ಮಪ್ಪನ ಕಡೆ ಹೋಗಲಿಲ್ಲ. ಎಲ್ಲೂ ಹೋಗಬಾರದು."



"ಮತ್ತ ನನ್ನ ಮಾನಾ ಯಾಕ ಕಳದ್ರಿ?" ಲಗಮಣ್ಣ ಕೇಳಿದ.

"ನಿನ್ನ ನೆಪ್ಪ ಬರಲಿಲ್ಲ ತಮ್ಮಾ. ಸಿಟ್ಟಿನ್ಯಾಗ ಯಾರ ನೆಪ್ಪೂ ಬರಲಿಲ್ಲ."

ಆ ಮಾತು ಅವನಿಗೆ ಅರ್ಥವಾಯಿತು. ಮೂವತ್ತು ಜನರನ್ನು ಕೂಡಿಸಿಕೊಂಡು ಬರುವಾಗ ಅವನಿಗೂ ಅವಳ ನೆನಪು ಬಂದಿರಲಿಲ್ಲ. ಜನ ಹೋದ ಮೇಲೆ ಈ ಮನೆಯೊಳಗೆ ಅವಳ ಗತಿ ಏನು ಎಂದು ಈಗಲೂ ಕೇಳಬಹುದಿತ್ತು. ಕೇಳಲಿಲ್ಲ. ಅಂಗಳದಲ್ಲಿ ಬಿದ್ದಿದ್ದ ತನ್ನ ಬೋರ್ಡು ಎತ್ತಿಕೊಂಡು, ತೋಳಿನಿಂದ ಮಣ್ಣು ಒರೆಸಿದ.

ಧನಪಾಲ ಹೊಸ್ತಿಲ ಮುಂದೆ ಬಗ್ಗಿಯೇ ಇದ್ದ. ತಲೆ ಎತ್ತಿದರೆ ಮೂವತ್ತು ಮುಖಗಳು.

ಲಗಮಣ್ಣ ಬೋರ್ಡನ್ನು ಕಂಕುಳಲ್ಲಿ ಹಿಡಿದು ಅಲ್ಲೇ ನಿಂತ. ನಿನ್ನೆ ತನ್ನ ತಲೆ ತಗ್ಗಿದ್ದು ಅರ್ಧ ತಾಸು. ಇವತ್ತು ಇನ್ನೂ ಐದು ನಿಮಿಷ ಆಗಿರಲಿಲ್ಲ.